ನೀರು ಬತ್ತದ ಕಾಯಿ

ಹೊನ್ನವಳ್ಳಿಯ ಮರುಳಸಿದ್ದಯ್ಯ ಮೂರು ದಿನದಿಂದ ಬೆಂಗಳೂರಿನಲ್ಲಿ ಒಂದು ತೆಂಗಿನಕಾಯಿಯನ್ನು ಚೀಲದೊಳಗಿಟ್ಟು ಕೈಗೂಸಿನಂತೆ ಎತ್ತಿಕೊಂಡು ತಿರುಗುತ್ತಿದ್ದ.

ಅದು ಹರಕೆಯ ಕಾಯಿ. ಅವನ ತಾಯಿ ಬೋರಮ್ಮ ಹಿತ್ತಲಲ್ಲಿ ತಾನೇ ನೆಟ್ಟು, ಮುಸುರೆ ತೊಳೆದ ನೀರು ಹುಯ್ದು ಬೆಳೆಸಿದ ಮರ ಆ ವರ್ಷ ಮೊದಲ ಫಲ ಕೊಟ್ಟಿತ್ತು. ಗೊನೆಯಲ್ಲಿ ನಿಂತದ್ದು ನಾಲ್ಕೇ ಕಾಯಿ. ಅದರಲ್ಲೊಂದರ ಜುಟ್ಟಿಗೆ ಅರಿಸಿನದ ದಾರ ಸುತ್ತಿ ಮಗನ ಕೈಗಿಟ್ಟಿದ್ದಳು.

"ದೊಡ್ಡ ಬಸವಣ್ಣನ ಗುಡಿಯಾಗೆ ಒಡೆಸಿ ಒಂದು ಹೋಳು ನಂಗೆ ತಂದ್ಕೊಡು. ನೆಲಕ್ಕೆ ಮಡುಗ್‌ಬ್ಯಾಡ, ಮೆಟ್ಟಿನ ತಾವ ಮಡುಗ್‌ಬ್ಯಾಡ. ನಮ್ಮ ಕಾಯ ನಾನು ಕತ್ತಲಾಗೂ ಕಂಡ್‌ಹಿಡೀತೀನಿ, ಗ್ಯಾಪ್ಕ ಇರ್ಲಿ."

ಇದು ಬರೀ ಜಂಬವಲ್ಲ. ಒಮ್ಮೆ ಪಕ್ಕದ ಮನೆ ಕೆಂಚಪ್ಪನ ಹೆಂಡತಿ ಕೈಬದಲು ಒಯ್ದಿದ್ದ ಕಾಯನ್ನು ಹಿಂದಕ್ಕೆ ಕೊಡಲು ಬಂದಾಗ, ಬೋರಮ್ಮ ಅದನ್ನು ಎರಡು ಸಲ ತಟ್ಟಿ, "ಇದೂ ನಮ್ಮ ತೋಟದ್ದೇ ಕಣಮ್ಮ, ಮೂಲೆ ಮರದ್ದು" ಎಂದಿದ್ದಳು. ಆಕೆ ಇನ್ನೊಂದು ಕಾಯಿ ತರಲು ಮನೆಗೆ ಹೋಗಿದ್ದಳು.

ಒಡೆದ ಹೋಳು ಕೆಡಬಾರದೆಂದು ಗುಡಿಯನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದರು. ಅದಕ್ಕೆ ಮೊದಲು ದಾನಿ ಮಲ್ಲಿಕಾರ್ಜುನಯ್ಯನವರ ಸ್ಮಾರಕ ಭವನ. ಅವರ ಹೆಸರಿನ ಉಚಿತ ಹಾಸ್ಟೆಲಿನಲ್ಲಿ ಎರಡು ವರ್ಷ ಮುದ್ದೆ ತಿಂದು ಓದಿದ್ದ ಮರುಳಸಿದ್ದಯ್ಯನಿಗೆ ಅವರು ಬದುಕಿದ್ದ ಮನೆಯನ್ನು ಹೆಂಡತಿ ಸರ್ವಮಂಗಳೆಗೂ ಪುಟ್ಟ ಮಗಳಿಗೂ ತೋರಿಸುವ ಆಸೆ. ಜೊತೆಗೆ ಕೆಂಚಪ್ಪನೂ ಇದ್ದ. "ಬೆಂಗಳೂರು ನಂಗೆ ಅಂಗೈ ಇದ್ದಂಗೆ" ಎಂದು ತಾನಾಗಿಯೇ ಹೊರಟುಬಂದಿದ್ದ. ಹೊನ್ನವಳ್ಳಿಗೆ ಪೇಪರ್ ಬರುವುದು ಹನ್ನೊಂದು ಗಂಟೆಗೆ. ಅಷ್ಟರೊಳಗೆ ಕೆಂಚಪ್ಪ ಊರಿನ ಸುದ್ದಿಯನ್ನೆಲ್ಲ ಮನೆಮನೆಗೆ ಮುಟ್ಟಿಸಿರುತ್ತಿದ್ದ.

"ಸತ್ತೋರ ಮನೆ ಏನ್ಲಾ ನೋಡಾದು? ನೀವು ಹೋಗಿರಿ, ನಾನೊಂದು ಕಾಪಿ ಕುಡ್ಕೊಂಡು ಬತ್ತೀನಿ" ಎಂದು ಅವನು ಎದುರಿನ ಹೋಟೆಲಿಗೆ ನುಗ್ಗಿದ.

ಬಾಗಿಲಲ್ಲಿ ಖಾಕಿ ಅಂಗಿಯ ಅಟೆಂಡರ್ ಚೀಲವನ್ನು ತಡೆದ. "ಚೀಲ ಚಪ್ಪಲಿ ಎಲ್ಲ ಇಲ್ಲೇ ಬಿಡಿ."

ಚಪ್ಪಲಿಯ ಪಕ್ಕ ಹರಕೆಯ ಕಾಯಿಯೆ? ಮರುಳಸಿದ್ದಯ್ಯ ಚೀಲ ಬಿಟ್ಟು, ಕಾಯಿಯನ್ನು ಪಂಚೆಯ ಮಡಿಲಲ್ಲಿ ಮರೆಸಿಕೊಂಡು ಒಳಗೆ ಹೋದ.

ಮಹನೀಯರ ಕುರ್ಚಿ, ಕೋಟು, ಊರುಗೋಲು ಎಲ್ಲ ನೋಡಿದ್ದಾಯಿತು. ದೇವರ ಕೋಣೆಯ ಹತ್ತಿರ ಬರುವಾಗ ಮಗಳು ತಾಯಿಯ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

"ಏನ್ರೀ, ಕೈ ಬಿದ್ದೋಗ್ತಾವೆ. ಸ್ವಲ್ಪ ಹಿಡ್ಕಳ್ರೀ ಇವಳ್ನ" ಎಂದಳು ಸರ್ವಮಂಗಳ.

ನಿದ್ದೆ ಹೋದ ಮಗು ನೆನೆದ ಗೋಣಿಯಷ್ಟು ಭಾರ, ಎರಡು ಕೈಯೂ ಬೇಕು. ಕಾಯಿಯನ್ನು ನೆಲಕ್ಕಿಡುವಂತಿಲ್ಲ. ಎದುರಿಗೇ ಮಹನೀಯರ ಪೂಜಾಮಂಟಪ, ಅದರ ಮುಂದೆ ಬರಿದಾದ ಹಿತ್ತಾಳೆ ತಟ್ಟೆ. ಕಾಯಿ ಇಡಲೆಂದೇ ಹುಟ್ಟಿದ ತಟ್ಟೆ! ಮರುಳಸಿದ್ದಯ್ಯ ಅದರಲ್ಲಿ ಕಾಯಿ ಇಟ್ಟು, ಕೈಮುಗಿದು, ಮಗುವನ್ನೆತ್ತಿಕೊಂಡು ಪಡಸಾಲೆಯ ಬೆಂಚಿನ ಮೇಲೆ ಐದು ನಿಮಿಷ ಕೂತ.

ಅಷ್ಟರಲ್ಲಿ ಶಾಲೆಯ ಮಕ್ಕಳ ದಂಡು ಕಟ್ಟಿಕೊಂಡು ಒಬ್ಬ ಮೇಷ್ಟ್ರು ಬಂದರು. "ಈ ಕಾಯಿ ಯಾವಾಗಿನದು?" ಎಂದು ಕೇಳಿದರು. ಅಟೆಂಡರ್ ಕಾಯಿಯನ್ನು ಕಂಡದ್ದೂ ಆಗಲೇ. ಆದರೆ 'ಗೊತ್ತಿಲ್ಲ' ಎಂಬ ಮಾತು ಅವನ ಸರ್ವಿಸಿನಲ್ಲೇ ಇರಲಿಲ್ಲ.

"ಮಹನೀಯರು ಕೊನೇ ದಿನ ತಮ್ಮ ಕೈಯಾರೆ ದೇವರ ಮುಂದೆ ಇಟ್ಟ ಕಾಯಿ ಸಾರ್. ಇಪ್ಪತ್ತೆರಡು ವರ್ಷ ಆಯ್ತು."

ಮಗುವನ್ನು ಹೆಂಡತಿಗೆ ಒಪ್ಪಿಸಿ ಬಂದ ಮರುಳಸಿದ್ದಯ್ಯ ತಟ್ಟೆಗೆ ಕೈಹಾಕಿದ. ಅಟೆಂಡರ್ ಅವನ ರಟ್ಟೆ ಹಿಡಿದ. "ರೀ, ಮುಟ್ಟಬಾರದು!"

"ನನ್ನ ಕಾಯಿ ಕಣಪ್ಪ ಇದು. ಈಗ ಮಡುಗಿದ್ದೆ."

"ಎಲ್ಲರೂ ಹಂಗೇ ಹೇಳ್ತಾರೆ."

"ತೆಂಗಿನ ಸೀಮೆಯೋನು ನಾನು, ನಂಗೆ ಹೇಳ್ತೀಯಾ? ನಮ್ಮಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ವರ್ಷದಾಗೆ ನೀರು ಬತ್ತಿ ಕೊಬ್ಬರಿ ಆಗಿ, ಒಳಗೇ ಗಡಗಡ ಅಂತದೆ. ಇಪ್ಪತ್ತೆರಡು ವರ್ಷದ ಕಾಯಾಗಿದ್ರೆ ನೀರು ಇರ್ತದಾ? ಕೇಳು!" ಎಂದು ಕಾಯಿಯನ್ನು ಅಟೆಂಡರನ ಕಿವಿಯ ಹತ್ತಿರ ಅಲ್ಲಾಡಿಸಿದ.

ಗಳಕ್, ಗಳಕ್.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಕೇಳಿದ್ರೇನ್ರೋ ಮಕ್ಕಳೇ! ಇಪ್ಪತ್ತೆರಡು ವರ್ಷ, ನೀರು ಬತ್ತಿಲ್ಲ! ತೆಂಗಿನ ಸೀಮೆಯವರೇ ಹೇಳ್ತಿದಾರೆ, ಇದು ಎಲ್ಲೂ ಆಗದ ಮಾತು ಅಂತ. ಪುಣ್ಯಾತ್ಮರ ಕೈಗುಣ ಅಂದ್ರೆ ಇದು!"

"ಅಯ್ಯೋ ಮೇಷ್ಟ್ರೆ, ನಾನು ಹೇಳಿದ್ದು..."

ಅವನು ಹೇಳಿದ್ದು ಯಾರಿಗೆ ಬೇಕು? ಮುದುಕಿಯೊಬ್ಬಳು ಕಾಯಿಯನ್ನು ಅವನ ಕೈಯಿಂದ ಭಕ್ತಿಯಿಂದ ಬಿಡಿಸಿ ತಟ್ಟೆಯಲ್ಲಿಟ್ಟು, ಮುಡಿಯ ಹೂವನ್ನು ಅದಕ್ಕೇರಿಸಿದಳು. ಮಕ್ಕಳು ಸಾಲಾಗಿ ಕೈಮುಗಿದರು. ಗದ್ದಲ ಕೇಳಿ ವ್ಯವಸ್ಥಾಪಕರು ಬಂದರು. ಆ ಕೋಣೆಯಲ್ಲಿ ನಾಲ್ಕು ಜನ ಒಟ್ಟಿಗೆ ನಿಂತದ್ದನ್ನು ಅವರು ಐದು ವರ್ಷದಿಂದ ಕಂಡಿರಲಿಲ್ಲ. ಮರುಳಸಿದ್ದಯ್ಯನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ನಿಮ್ಮದೇ ಇರಬಹುದು ಯಜಮಾನರೆ. ಆದರೆ ಈಗ ತೆಗೆದರೆ ಈ ಜನ ನಿಮ್ಮನ್ನೂ ಬಿಡೋಲ್ಲ, ನನ್ನನ್ನೂ ಬಿಡೋಲ್ಲ. ನಾಳೆಯೇ ಗಾಜಿನ ಪೆಟ್ಟಿಗೆ ಮಾಡಿಸ್ತೀನಿ."

ಮರುಳಸಿದ್ದಯ್ಯ ಇನ್ನೊಮ್ಮೆ ಬಾಯಿ ತೆರೆಯುವಷ್ಟರಲ್ಲಿ ಸರ್ವಮಂಗಳ ಪಂಚೆ ಜಗ್ಗಿದಳು. "ಸುಮ್ಕಿರಿ. ಕೆಂಚಪ್ಪನೋರು ಬಂದ್ರು."

ಕೆಂಚಪ್ಪ ಕಾಪಿ ಮುಗಿಸಿ, ಜನರನ್ನು ಸರಿಸಿಕೊಂಡು ಬಂದು ತಟ್ಟೆಯ ಮುಂದೆ ನಿಂತಿದ್ದ. ಮೇಷ್ಟ್ರ ಬಾಯಿಂದ ವಿಷಯ ಕೇಳಿ ಎರಡೂ ಕೆನ್ನೆಗೆ ಹೊಡೆದುಕೊಂಡ. "ನೋಡ್ದಾ ಸಿದ್ದಯ್ಯ, ನಮ್ಮ ಸೀಮೆಯಾಗೆ ಇಷ್ಟು ಮರ ಐತೆ, ಇಂಥದ್ದೊಂದು ಕಾಯಿ ಐತೇನ್ಲಾ?"

"ಇಲ್ಲ ಬುಡು" ಎಂದ ಮರುಳಸಿದ್ದಯ್ಯ. ನಿಜ ಹೇಳಿದರೆ ಕತ್ತಲಾಗುವಷ್ಟರಲ್ಲಿ ಅದು ಅವ್ವನ ಕಿವಿ ಸೇರುತ್ತಿತ್ತು.

ಗುಡಿಯ ಮುಂದಿನ ಅಂಗಡಿಯಲ್ಲಿ, ಕೆಂಚಪ್ಪ ಕಡಲೆಕಾಯಿ ಕೊಳ್ಳುತ್ತಿದ್ದ ಸಮಯ ನೋಡಿ, ಅವನು ಕಳ್ಳನಂತೆ ಒಂದು ಕಾಯಿ ಕೊಂಡ. ಹುಟ್ಟಿದಾಗಿನಿಂದ ಕಾಯಿ ಮಾರಿ ಗೊತ್ತೇ ಹೊರತು ಕೊಂಡು ಗೊತ್ತಿರದ ಮನುಷ್ಯ. ಆರಿಸಲೂ ಮನಸ್ಸಾಗದೆ ಅಂಗಡಿಯವನು ಕೊಟ್ಟದ್ದನ್ನೇ ತೆಗೆದುಕೊಂಡ. ಬಸವಣ್ಣ ಅದನ್ನೂ ಬೇಡವೆನ್ನಲಿಲ್ಲ.

ಹೊನ್ನವಳ್ಳಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಬೋರಮ್ಮ ಹೋಳನ್ನು ಕಣ್ಣಿಗೊತ್ತಿಕೊಂಡು, ಚಿಪ್ಪಿನ ಮೇಲೆ ಹೆಬ್ಬೆರಳು ಆಡಿಸಿದಳು. ಬೆರಳು ಅಲ್ಲೇ ನಿಂತಿತು.

"ಲೋ ಮಗ, ಇದು ನಮ್ಮ ಕಾಯಲ್ಲ ಕಣ್ಲಾ."

ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಮರುಳಸಿದ್ದಯ್ಯ ಒಪ್ಪಿಸಿದ. "ಗುಡಿಯಾಗೆ ನೂಕುನುಗ್ಗಲು ಕಣವ್ವ. ಪೂಜಾರಿ ಯಾರ್ದೋ ಹೋಳು ಕೊಟ್ಟವ್ನೆ. ನಮ್ಮದು ಯಾರ ಮನೆ ಸೇರ್ತೋ."

ಬೋರಮ್ಮ ನಿಟ್ಟುಸಿರು ಬಿಟ್ಟಳು. "ಪೂಜಾರಿಗಳ ಬುದ್ಧಿಯೇ ಅಷ್ಟು ಬುಡು."

ಮರುಳಸಿದ್ದಯ್ಯ ಮೂರು ದಿನದಲ್ಲಿ ಮೊದಲ ಸಲ ನೆಮ್ಮದಿಯಾಗಿ ಜಗಲಿಗೆ ಒರಗಿದ. ಆಗಲೇ ಕೆಂಚಪ್ಪ, ಇನ್ನೂ ಕಾಲು ಕೂಡ ತೊಳೆಯದೆ, ಅಂಗಳಕ್ಕೆ ಬಂದ.

"ಬೋರಮ್ಮತ್ತೆ, ನಿನ್ ಮಗ ಹೇಳಿದ್ನಾ? ಇಪ್ಪತ್ತೆರಡು ವರ್ಷದ ಕಾಯಿ, ಇನ್ನೂ ನೀರು ಬತ್ತಿಲ್ಲ! ಜುಟ್ಟಿಗೆ ಸುತ್ತಿದ ಅರಿಸಿನದ ದಾರ ಕೂಡ ಬಣ್ಣ ಬುಟ್ಟಿಲ್ಲ!"

ಬೋರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅಡುಗೆಮನೆಯಲ್ಲಿ ಸರ್ವಮಂಗಳೆಯ ಕೈಯಿಂದ ಸೌಟು ಬಿತ್ತು.

"ಹಂಗಾದ್ರೆ ಸೋಮವಾರ ನಾನೂ ಬತ್ತೀನಿ ಕಣ್ಲಾ ಮಗ. ಬಸವಣ್ಣಂಗೆ ಇನ್ನೊಂದು ಕಾಯ ನನ್ನ ಕಣ್ಣ ಮುಂದೆ ಒಡೆಸಾನ. ಆ ಕಾಯನ್ನೂ ಒಂದ್ ಸಲ ತೋರ್ಸು."

"ದೂರದಿಂದ ನೋಡ್ಬೇಕವ್ವ... ಗಾಜಿನ ಪೆಟ್ಟಿಗೇಲಿ ಮಡುಗ್ತಾರಂತೆ" ಎಂದ ಮರುಳಸಿದ್ದಯ್ಯ.

"ಗಾಜಾದ್ರೇನು? ಯಾವ ಊರ ಕಾಯಿ, ಯಾವ ಮರದ್ದು ಅಂತ ನೋಡಿದೇಟ್ಗೆ ಹೇಳ್‌ಬುಡ್ತೀನಿ."