ಅವರ ಗಡಿಯಾರ, ನನ್ನ ನಾಡಿ

ನಾಡಿ ಎಣಿಸುವುದು ನನಗೆ ಚೆನ್ನಾಗಿ ಬರುತ್ತದೆ. ಜಂಬಕ್ಕೆ ಹೇಳುತ್ತಿಲ್ಲ. ಹತ್ತನೆಯ ಇಯತ್ತೆಯವರೆಗೆ ಕಲಿತು, ಮೂಡಲಗಿಯಲ್ಲಿ ಮೂವತ್ತು ವರ್ಷ ಜಂಪರು ಹೊಲಿದ ನನಗೆ ಗೊತ್ತಿರುವ ಒಂದೇ ಒಂದು ವೈದ್ಯವಿದ್ಯೆ ಅದು. ನಮ್ಮ ಯಜಮಾನರಿಗೆ ಮೊದಲ ಸಲ ಎದೆನೋವು ಬಂದಾಗ ದವಾಖಾನೆಯ ನರ್ಸಬಾಯಿ ಕಲಿಸಿಕೊಟ್ಟಿದ್ದರು. ಮೂರು ಬೆರಳು ಮುಂಗೈ ಮೇಲೆ, ಕಣ್ಣು ಸೆಕೆಂಡಿನ ಮುಳ್ಳಿನ ಮೇಲೆ, ಮುಳ್ಳು ಪೂರ್ತಿ ಒಂದು ಸುತ್ತು ಬರುವ ತನಕ ಎಣಿಕೆ. ಎರಡು ವರ್ಷ ದಿನಾ ಬೆಳಿಗ್ಗೆ ಅವರ ಬಲಗೈ ಹಿಡಿದು, ಎಡಗೈಯಲ್ಲಿದ್ದ ಅವರದೇ ಗಡಿಯಾರ ನೋಡಿ ಎಣಿಸಿದೆ. ಅವರು ಹೋದ ದಿನವೂ ಎಣಿಸಿದ್ದೆ. ಎಪ್ಪತ್ತಾರು ಬಂದಿತ್ತು.

ಅದಾಗಿ ಒಂದು ವರ್ಷ ಎರಡು ತಿಂಗಳಾಯಿತು. ಗಡಿಯಾರ ಈಗ ನನ್ನ ಕೈಯಲ್ಲಿದೆ. ಅದರ ಪಟ್ಟಿ ದೊಡ್ಡದು, ಕೈ ಎತ್ತಿದರೆ ಮೊಳಕೈವರೆಗೆ ಜಾರುತ್ತದೆ. ದಿನವೂ ಹಿಂದೆ ಬೀಳುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲು ನೋಡಿ ಮುಳ್ಳು ಸರಿ ಮಾಡಿಟ್ಟುಕೊಳ್ಳುತ್ತಿದ್ದೆ. ವಯಸ್ಸಾದದ್ದು ಹಿಂದೆ ಬೀಳುವುದು ಸಹಜ, ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯವಾಗಿತ್ತು.

ಮಾಘದ ಚಳಿಯಲ್ಲಿ ಒಂದು ದಿನ ಹೊಲಿಗೆ ಮಷಿನ್ ತುಳಿಯುತ್ತ ಕುಳಿತಿದ್ದೆ. ದಾರ ಹರಿಯಿತು, ಕಾಲು ನಿಲ್ಲಿಸಿದೆ. ಸದ್ದು ನಿಲ್ಲಲಿಲ್ಲ. ಟಕಟಕ ನಡೆದೇ ಇತ್ತು. ಮಷಿನ್ನಿನ ಗಾಲಿ ಹಿಡಿದು ನೋಡಿದೆ. ಅದು ಸುಮ್ಮನಿತ್ತು. ಸದ್ದು ನನ್ನ ಎದೆಯೊಳಗಿತ್ತು!

ಜೊತೆಗೆ ಎದೆಯಿಂದ ಕುತ್ತಿಗೆಗೆ, ಕುತ್ತಿಗೆಯಿಂದ ಕಿವಿಗೆ, ಒಲೆಯ ಮುಂದೆ ಬಗ್ಗಿದ ಹಾಗೆ ಒಂದು ಉರಿ ಏರಿತು. ಬೆವರಿನಿಂದ ಜಂಪರು ತೊಯ್ದುಹೋಯಿತು. ಗಡಿಯಾರ ಹಿಡಿದು ಎಣಿಸಿದೆ. ನೂರಾ ಹನ್ನೆರಡು. ಮರುದಿನ ರೊಟ್ಟಿ ಬಡಿಯುವಾಗ ಮತ್ತೆ ಬಂತು. ನೂರಾ ಇಪ್ಪತ್ತಾರು. ಮುಂದಿನ ವಾರ ನೂರಾ ನಲವತ್ತು ದಾಟಿತು. ಅವರಿಗೆ ಕೂಡ ಎಂದೂ ಅಷ್ಟು ಬಂದಿರಲಿಲ್ಲ. ಹೀಗಾಗಿ ನನ್ನ ಮರಣದ ವಿಷಯದಲ್ಲಿ ನನಗೆ ಯಾವ ಸಂಶಯವೂ ಉಳಿಯಲಿಲ್ಲ.

ಸಾಯುವ ಅಂಜಿಕೆ ಒಂದು ತೂಕ, ಸವಿತಾಳ ಚಿಂತೆ ನೂರು ತೂಕ. ಸವಿತಾ ನನ್ನ ಒಬ್ಬಳೇ ಮಗಳು. ಹುಕ್ಕೇರಿಗೆ ಕೊಟ್ಟಿದ್ದೇವೆ. ಚೊಚ್ಚಲು, ಆರು ತಿಂಗಳು ತುಂಬಿತ್ತು. ಬಾಣಂತನಕ್ಕೆ ತವರಿಗೆ ಬರಬೇಕು. ತವರಲ್ಲಿ ಅಪ್ಪ ಇಲ್ಲ. ಅವ್ವನೂ ಇಲ್ಲವೆಂದರೆ ಆ ಹುಡುಗಿ ಯಾವ ಬಾಗಿಲಿಗೆ ಬರಬೇಕು? ಅವಳಿಗೆ ಹೇಳುವಂತಿರಲಿಲ್ಲ. ಬಸುರಿಗೆ ಗಾಬರಿ ಮಾಡಬಾರದು.

ಆದ್ದರಿಂದ ಒಂದು ಯೋಜನೆ ಹಾಕಿದೆ. ಸಾಯುವ ಮೊದಲೇ ಬಾಣಂತನ ಮುಗಿಸಿಬಿಡುವುದು.

ಕೊಬ್ಬರಿ ಹೆರೆದೆ, ಉತ್ತತ್ತಿ ಕುಟ್ಟಿದೆ, ತುಪ್ಪದಲ್ಲಿ ಅಂಟು ಹುರಿದೆ. ಎರಡು ದೊಡ್ಡ ಡಬ್ಬಿ ಅಂಟಿನ ಉಂಡಿ ಕಟ್ಟಿದೆ. ನಡುನಡುವೆ ಎದೆ ಓಡಿದಾಗ ಕುಳಿತು ಎಣಿಸಿದೆ. ಹಳೆಯ ಸೀರೆ ಹರಿದು ಕೂಸಿನ ತಲೆಗೆ ಕುಂಚಿಗೆ ಹೊಲಿದೆ. ಅಳತೆಯ ವಹಿಯ ಹಿಂದಿನ ಪುಟದಲ್ಲಿ ‘ನಾನು ಇರದಿದ್ದಲ್ಲಿ’ ಎಂದು ಶೀರ್ಷಿಕೆ ಕೊಟ್ಟು, ಬಜೆ ಎಲ್ಲಿದೆ, ಶುಂಠಿ ಎಲ್ಲಿದೆ, ನೀರು ಎಷ್ಟು ಬಿಸಿ ಇರಬೇಕು ಎಂದು ಬರೆದಿಟ್ಟೆ.

ಬಾಜೂ ಮನೆಯ ಕಸ್ತೂರಿ ವೈನಿ ಕೊತ್ತಂಬರಿ ಕೇಳಲು ಬಂದವರು ಡಬ್ಬಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಚಳಿಗೆ ಅವರು ಕಿವಿಗೆ ಸೆರಗು ಸುತ್ತಿಕೊಂಡಿದ್ದರು. ನಾನು ಫ್ಯಾನಿನ ಕೆಳಗೆ ಕುಳಿತು ವಹಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದೆ.

“ಬಾಣಂತಿ ಬರಾಕ ಇನ್ನ ಮೂರ ತಿಂಗಳ ಐತಿ. ಉಂಡಿ ಈಗ್ಯಾಕ ಕಟ್ಟೀರಿ?”

ಪುರುಸೊತ್ತಿತ್ತು, ಕಟ್ಟಿದೆ ಎಂದೆ. ಅವರು ನಂಬಲಿಲ್ಲ. ಗಾಳಿ ಹಾಕಿಕೊಳ್ಳುತ್ತಿದ್ದ ವಹಿಯ ಹಿಂದಿನ ಪುಟ ಅವರ ಕಡೆಗೇ ಇತ್ತಂತೆ. ಐದು ನಿಮಿಷದಲ್ಲಿ ಎಲ್ಲವನ್ನೂ ಬಾಯಿ ಬಿಡಿಸಿ, ಮರುದಿನವೇ ಗೋಕಾಕಕ್ಕೆ ಡಾಕ್ಟರ್ ಬಾಯಿಯ ಹತ್ತಿರ ಹೋಗುವುದು ಎಂದು ತೀರ್ಮಾನ ಕೊಟ್ಟರು. ಯಾರಿಗೂ ಹೇಳಬಾರದು, ಅದರಲ್ಲೂ ಹುಕ್ಕೇರಿಗೆ ಎಂದು ಅವರ ಕೈ ಹಿಡಿದು ಆಣೆ ಮಾಡಿಸಿಕೊಂಡೆ. ಓಣಿಯಲ್ಲಿ ಕೇಳಿದರೆ ಕರದಂಟು ತರಲು ಹೊರಟಿದ್ದೇವೆ ಎನ್ನುವುದು ಎಂದಾಯಿತು.

ಮರುದಿನ ನನ್ನ ಗಡಿಯಾರದ ಪ್ರಕಾರ ಹತ್ತು ನಿಮಿಷ ಮೊದಲೇ ಬಸ್ ಸ್ಟ್ಯಾಂಡಿಗೆ ಬಂದೆವು. ಬಸ್ಸು ಹೋಗಿತ್ತು. ಬಸ್ಸುಗಳಿಗೆ ಈಚೆಗೆ ಏನು ಅವಸರವೋ ಎಂದು ನಾನು ಬೈದೆ. ಮುಂದಿನ ಬಸ್ಸಿನಲ್ಲಿ ಮತ್ತೆ ಉರಿ ಏರಿತು. ಕಿಟಕಿಯ ಗಾಜು ಪೂರ್ತಿ ತೆಗೆದೆ. ಹಿಂದಿನ ಸೀಟಿನ ಅಜ್ಜ, ತನಗೆ ಥಂಡಿ ಹತ್ತುತ್ತದೆ, ಮುಚ್ಚು ಎಂದ. ಸಾಯುವವಳಿಗೆ ಇಷ್ಟೂ ಗಾಳಿ ಕೊಡದ ಲೋಕ ಎಂದುಕೊಂಡು ಮುಚ್ಚಿದೆ.

ಡಾಕ್ಟರ್ ಬಾಯಿಯ ಮುಂದೆ ಕುಳಿತು ನನ್ನ ವರದಿಯನ್ನು ಕ್ರಮವಾಗಿ ಒಪ್ಪಿಸಿದೆ. ಎದೆ ಓಡುವುದು, ಉರಿ, ಬೆವರು, ನಿದ್ದೆ ಇಲ್ಲದ್ದು, ಮಂಡಿ ಹಿಡಿಯುವುದು, ಈಗ ಹೊರಗೆ ಬಾಕಿನ ಮೇಲೆ ಕುಳಿತು ಎಣಿಸಿದಾಗ ಬಂದ ನೂರಾ ಮೂವತ್ತೆಂಟು. ಅವರು ನನ್ನ ಕೈ ಹಿಡಿದು ಗೋಡೆಯ ಗಡಿಯಾರ ನೋಡಿದರು. “ಎಂಬತ್ತೆಂಟು ಐತ್ರಿ,” ಎಂದರು.

ನಾನು ಮರ್ಯಾದೆಯಿಂದಲೇ ತಿದ್ದಿದೆ. “ಇಲ್ರಿ ಬಾಯಾರ, ನಿಮಗ ತಪ್ಪೈತಿ. ನಾ ಎರಡು ವರ್ಷ ಎಣಿಸೇನಿ.”

ಅವರಿಗೆ ಸಿಟ್ಟು ಬರಲಿಲ್ಲ. ಇಬ್ಬರೂ ಕೂಡಿ ಎಣಿಸೋಣ ಎಂದರು. ಜಾರಿದ ಗಡಿಯಾರವನ್ನು ಮುಂಗೈಗೆ ಎಳೆದುಕೊಂಡು ಆ ಕೈಯನ್ನು ಅವರ ಬೆರಳಿಗೆ ಕೊಟ್ಟೆ. ಇನ್ನೊಂದು ಕೈಯ ಬೆರಳು ಕುತ್ತಿಗೆಯ ನಾಡಿಯ ಮೇಲಿಟ್ಟು ಶುರು ಮಾಡಿದೆ. ನಿಮಿಷ ಮುಗಿಯಿತೆಂದು ಅವರು ನಿಲ್ಲಿಸಿದರು. ನಾನು ಎಣಿಸುತ್ತಲೇ ಇದ್ದೆ. ಅವರು ಪೆನ್ನಿನ ಮುಚ್ಚಳ ತೆಗೆದರು, ಚೀಟಿಯಲ್ಲಿ ಏನೋ ಬರೆದರು. ನಾನು ಎಣಿಸುತ್ತಲೇ ಇದ್ದೆ. ಮುಳ್ಳು ಆರರಿಂದ ಮೇಲೆ ಹತ್ತಲಾರದೆ, ಎಂಟರ ಹತ್ತಿರ ನಿಂತು ನಡುಗುತ್ತಿತ್ತು, ಒಂದು ಹೆಜ್ಜೆ ಇಟ್ಟು ಮತ್ತೆ ನಡುಗುತ್ತಿತ್ತು.

ಡಾಕ್ಟರ್ ಬಾಯಿ ಬಗ್ಗಿ ಅದನ್ನು ನೋಡಿದರು. “ಅಕ್ಕಾರ, ಸೆಲ್ ಮುಗದೈತ್ರಿ. ನಿಮ್ದಲ್ಲ. ಇದರದು.”

ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಅದರ ಗಂಟೆಯನ್ನು ಕೈಯಾರೆ ತಿದ್ದಿದವಳು ನಾನು. ಗಂಟೆ ತಪ್ಪುವ ಗಡಿಯಾರ ನಿಮಿಷವನ್ನೂ ತಪ್ಪೀತು ಎಂಬುದು ಒಮ್ಮೆಯೂ ಹೊಳೆದಿರಲಿಲ್ಲ.

ಆದರೂ ಅವರು ನಕ್ಕು ಕಳಿಸಲಿಲ್ಲ. ಮುಟ್ಟಿನ ವಿಷಯ ಕೇಳಿದರು. ತಪ್ಪಿ ಏಳು ತಿಂಗಳಾಗಿತ್ತು. ಮನೆಯಲ್ಲಿ ದುಃಖ ಆಗಿದೆಯಲ್ಲ, ಅದರದೇ ಇರಬೇಕು ಎಂದು ನಾನು ಸುಮ್ಮನಿದ್ದೆ. ಎದೆಗೆ ವಾಯರು ಹಚ್ಚಿ ಇಸಿಜಿ ಪಟ್ಟಿ ತೆಗೆದರು, ರಕ್ತ ತೆಗೆದುಕೊಂಡರು. ಪಟ್ಟಿ ಸರಿ ಇತ್ತು. “ಎದಿ ಬಡಿಯೂದು ಖರೆ ಐತಿ, ನಿಮ್ಮ ಭ್ರಮಾ ಅಲ್ಲ,” ಎಂದರು. “ಮುಟ್ಟು ನಿಲ್ಲೂ ವಯಸ್ನ್ಯಾಗ ಭಾಳ ಮಂದಿಗೆ ಹಿಂಗ ಆಗತೈತಿ. ಚಾ ಕಡಿಮಿ ಮಾಡ್ರಿ, ಸಂಜಿ ಮುಂದ ಅಡ್ಡಾಡ್ರಿ. ಎದಿ ನೋವು ಬಂದ್ರ, ಚಕ್ಕರ್ ಬಂದ್ರ ಮಾತ್ರ ತಡಾ ಮಾಡಬ್ಯಾಡ್ರಿ.” ರಕ್ತದ ರಿಪೋರ್ಟು ನೋಡಿದ ಮೇಲೆ ಗುಳಿಗೆಯ ಮಾತು ಎಂದರು.

ಬಸ್ ಸ್ಟ್ಯಾಂಡಿನ ಹತ್ತಿರದ ಗಡಿಯಾರದ ಅಂಗಡಿಯಲ್ಲಿ ನಿಂತೆ. ಈ ಸೆಲ್ಲನ್ನು ಕಡೆಯ ಸಲ ಹಾಕಿಸಿದ್ದು ನಮ್ಮ ಯಜಮಾನರೇ. ಅದಕ್ಕೇ ಇಷ್ಟು ದಿನ ಯಾರ ಕೈಗೂ ಬಿಚ್ಚಲು ಕೊಟ್ಟಿರಲಿಲ್ಲ. ಅಂಗಡಿಯವನು ಹೊಸದನ್ನು ಹಾಕಿ ಹಳೆಯದನ್ನು ಕಸಕ್ಕೆ ಒಗೆಯಲು ಹೋದ. ನನಗೆ ಬೇಕು ಎಂದೆ. “ಏನ್ ಮಾಡ್ತೀರಿ ಇದನ್ನ? ಇದರಾಗ ಏನೂ ಉಳದಿಲ್ರಿ,” ಎಂದ. ಗೊತ್ತು ಎಂದು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ.

ಅಷ್ಟರಲ್ಲಿ ಮೊಬೈಲು ರಿಂಗಾಯಿತು. ಸವಿತಾ, ಅಳುತ್ತಿದ್ದಳು. ಕಸ್ತೂರಿ ವೈನಿ ಮುಖ ತಿರುಗಿಸಿ ನಿಂತರು. ಹುಕ್ಕೇರಿಯಲ್ಲಿರುವ ತಮ್ಮ ತಂಗಿಗೆ ಮಾತ್ರ ಹೇಳಿದ್ದರಂತೆ, ಅದೂ ಯಾರಿಗೂ ಹೇಳಬೇಡ ಎಂದು.

ನಾನು ಗಾಬರಿಯಿಂದ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಎದೆಯ ಪಟ್ಟಿ ಸರಿ ಇದ್ದದ್ದು, ಗಡಿಯಾರ ಸರಿ ಇರದೇ ಇದ್ದದ್ದು. ಆ ಕಡೆ ಅಳು ನಿಂತಿತು.

“ಯವ್ವಾ, ನೀ ಅಪ್ಪನ ಗಡಿಯಾರ ನಂಬಿದ್ಯಾ? ತನ್ನ ಮದುವಿಗೇ ಎರಡು ತಾಸು ತಡಾ ಮಾಡಿ ಬಂದಾಂವ ಅಂವ.”

ಹೇಳಿ ನಕ್ಕಳು. ಒಂದು ವರ್ಷ ಎರಡು ತಿಂಗಳಾದ ಮೇಲೆ ಅವಳು ನಕ್ಕದ್ದು ಕೇಳಿದೆ. ಎದೆ ಮತ್ತೆ ಓಡತೊಡಗಿತು. ಎಣಿಸಲು ಹೋಗಲಿಲ್ಲ.

ಮೂಡಲಗಿಗೆ ಬಂದರೆ ಮನೆಯ ಕಟ್ಟೆಯ ತುಂಬ ಜನ. ವೈನಿ ತಂಗಿಗೆ ಮಾತ್ರವಲ್ಲ, ಹೋಗುವ ಮುಂಚೆ ಹಾಲಿನವಳಿಗೂ ಮಾತ್ರ ಹೇಳಿದ್ದರು. ಮಾತಾಡಿಸಲು ಬಂದವರ ಕೈಯಲ್ಲಿ ಬಿಸ್ಕೀಟು, ಎಳನೀರು, ಮುಖದಲ್ಲಿ ದುಃಖ. ನಾನು ನಡೆದುಕೊಂಡು ಬಂದದ್ದು ನೋಡಿ ಕೆಲವರಿಗೆ ಸ್ವಲ್ಪ ನಿರಾಸೆಯೂ ಆದಂತೆ ಕಂಡಿತು. ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಚಹಾ ಕಡಿಮೆ ಮಾಡಲು ಡಾಕ್ಟರೇ ಹೇಳಿದ್ದರು. ಕರದಂಟು ತರುವುದು ಇಬ್ಬರಿಗೂ ಮರೆತುಹೋಗಿತ್ತು. ಡಬ್ಬಿ ತೆಗೆದೆ.

ನಾನು ಸಾಯದೇ ಉಳಿದದ್ದಕ್ಕೆ ಅರ್ಧ ಓಣಿ ಅಂಟಿನ ಉಂಡಿ ತಿಂದಿತು. ಒಂದು ಡಬ್ಬಿ ಖಾಲಿ, ಇನ್ನೊಂದರ ತಳ ಕಾಣುತ್ತಿದೆ. ಮತ್ತೆ ಕೊಬ್ಬರಿ ಹೆರೆಯಬೇಕು, ಮತ್ತೆ ಉತ್ತತ್ತಿ ಕುಟ್ಟಬೇಕು. ಬಾಣಂತಿ ಬರಲು ಇನ್ನೂ ಮೂರು ತಿಂಗಳಿದೆ. ಇದು ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಲೆಕ್ಕ. ನನ್ನ ಲೆಕ್ಕವನ್ನು ಓಣಿಯಲ್ಲಿ ಈಗ ಯಾರೂ ಕೇಳುವುದಿಲ್ಲ.