ತಿಪ್ಪೆಗೆ ಹೆಪ್ಪು

ಹಿರೇಬೆಂಡಿಗೇರಿಯಲ್ಲಿ ನಮ್ಮ ಮನೆಯವರ ಕಾಕಾನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಹಾಗೆಂದು ಕಾಕಾನೇ ಹೇಳುತ್ತಿದ್ದರು! ಊರಲ್ಲಿ ಒಬ್ಬೊಬ್ಬರಿಗೆ ನಾಲ್ಕಾರು ವೈರಿಗಳು. ಕಾಕಾನಿಗೆ ಒಂದೇ ವೈರಿ, ಬೂಷ್ಟು.

ಎಪ್ಪತ್ತರ ದಶಕದಲ್ಲೊಂದು ವರ್ಷ ಅವರ ಜೋಳದ ತೆನೆಗೆಲ್ಲ ಕಾಡಿಗೆ ರೋಗ ಬಿತ್ತು. ಕಾಳಿರಬೇಕಾದಲ್ಲಿ ಕರಿಪುಡಿ. ಇದೂ ಬೂಷ್ಟಿನ ಜಾತಿಯೇ, ಬೀಜಕ್ಕೆ ಅಂಟಿಕೊಂಡು ಬರುತ್ತದೆ, ಬಿತ್ತುವ ಮುಂಚೆ ಗಂಧಕದ ಪುಡಿ ಕಲಸಿ ಎಂದು ಶಿಗ್ಗಾವಿಯಿಂದ ಬಂದ ಕೃಷಿ ಇಲಾಖೆಯ ಸಾಹೇಬರೊಬ್ಬರು ಹೇಳಿದರು. ಹೇಳಿ ಬಸ್ಸು ಹತ್ತಿ ಹೋದರು. ಅನುಭವಿಸಿದವರು ನಾವು!

ಅಂದಿನಿಂದ ಕಾಕಾನ ಬಗಲಲ್ಲಿ ಗಂಧಕದ ಡಬ್ಬಿ. ನನ್ನ ಉಪ್ಪಿನಕಾಯಿ ಜಾಡಿಯ ಮುಚ್ಚಳ ತೆಗೆದು ಮೂಸುವುದು, ಕಟಕರೊಟ್ಟಿಯನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡುವುದು. ಇದು ಅಡುಗೆಮನೆಯೋ, ಪೊಲೀಸ್ ಠಾಣೆಯೋ? ಬಿತ್ತನೆಯ ಹೊತ್ತು ಬಂತೆಂದರೆ ಗಡಿಗೆಯನ್ನೂ ಹೊತ್ತು ತಂದು, ನಿಮ್ಮ ಬೀಜಕ್ಕೂ ಪುಡಿ ಹಾಕಿ ಕುಲುಕಿ ಕೊಡುತ್ತೇನೆ ಎಂದು ಕೂರುತ್ತಿದ್ದರು. ವರ್ಷವಿಡೀ ಬೇವಿನೆಲೆ, ಬೂದಿ ಬೆರೆಸಿ ನಾನು ಕಾಯ್ದಿಟ್ಟ ಬೀಜಕ್ಕೆ ಆ ನಾತವೇ? ಪುಡಿಯನ್ನು ನಿಮ್ಮ ತಲೆಗೆ ಹಚ್ಚಿಕೊಳ್ಳಿರಿ, ಹೊಟ್ಟಾದರೂ ಹೋದೀತು ಎಂದು ಕಳಿಸಿಬಿಟ್ಟೆ.

ಅಷ್ಟಕ್ಕೇ ನಿಂತರೆ ಅವರು ಕಾಕಾ ಹೇಗಾದಾರು? ಒಂದು ದಿನ ತಮ್ಮ ತಿಪ್ಪೆ ಕೆದರಿದಾಗ ಕೊಳೆಯಲು ಹಾಕಿದ ಕಣಕಿಯ, ಜೋಳದ ಒಣದಂಟಿನ, ನಡುವೆ ಬಿಳಿ ಬಿಳಿ ನೂಲು ಕಂಡಿತು. ವೈರಿ ಸಿಕ್ಕ! ಕೊಡಗಟ್ಟಲೆ ಮೈಲುತುತ್ತದ ನೀರು ಸುರಿದರು. ಆ ವರ್ಷ ಕಣಕಿ ಕಣಕಿಯಾಗಿಯೇ ಉಳಿಯಿತು. ಕೊಳೆಯಿಸುವ ಬೂಷ್ಟನ್ನೇ ಕೊಂದ ಮೇಲೆ ಗೊಬ್ಬರವಾಗುವುದು ಎಲ್ಲಿಂದ? ಅವರ ಜೋಳ ಮೊಣಕಾಲೆತ್ತರ ಬೆಳೆಯಿತು. ತೆನೆಯಲ್ಲಿ ಕಾಡಿಗೆ ಇರಲಿಲ್ಲ, ನಿಜ. ತೆನೆಯೂ ಅಷ್ಟಾಗಿ ಇರಲಿಲ್ಲ!

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಬಂದರು.

"ತಂಗೀ, ಒಂದೀಟು ಹೆಪ್ಪ ಕೊಡವಾ."

ನಾನು ಮಜ್ಜಿಗೆಯ ಬಟ್ಟಲು ತಂದೆ.

"ಅದಲ್ಲ. ನಿಮ್ಮ ತಿಪ್ಪ್ಯಾಗಿಂದು. ಬಿಳಿ ನೂಲು ಇರೋದು ನೋಡಿ ಕೊಡು."

ತಿಪ್ಪೆಗೆ ಹೆಪ್ಪು ಹಾಕುವವರನ್ನು ಯಾರಾದರೂ ಕಂಡಿದ್ದೀರಾ? ನಮ್ಮದೇ ಬುಟ್ಟಿಯಲ್ಲಿ ತುಂಬಿಕೊಟ್ಟೆ. ಅವರು ಆ ಬುಟ್ಟಿ ಹೊತ್ತು ನಡೆದ ಪರಿಯನ್ನು ಬಾವಿಕಟ್ಟೆಯಲ್ಲಿ ಹೆಂಗಸರಿಗೆಲ್ಲ ನಡೆದೇ ತೋರಿಸಿದೆ. ಬುಟ್ಟಿ ಮಾತ್ರ ತಿರುಗಿ ಬರಲಿಲ್ಲ. ತಿಂಗಳುಗಟ್ಟಲೆ ಅದನ್ನೂ ಆಡಿಕೊಂಡೆ.

ಮುಂದಿನ ಸುಗ್ಗಿಗೆ ಅವರ ಜೋಳ ಆಳೆತ್ತರ ನಿಂತಿತು. ಕಾಡಿಗೆ ನಮ್ಮ ಹೊಲಕ್ಕೆ ಬಂತು. ರಾಶಿ ಮಾಡಿದವರ ಕೈಮೈಯೆಲ್ಲ ಕರಿ, ಬಡಿದ ರೊಟ್ಟಿಯೂ ಕರಿ. ಆರಿಸಿ ಆರಿಸಿ ಬೀಜಕ್ಕೆಂದು ಎತ್ತಿಟ್ಟ ಜೋಳಕ್ಕೂ ಮಸಿ. ಮಳೆ ಬಿದ್ದು ನೆಲ ಹದವಾಯಿತು, ಬಿತ್ತಲು ಒಳ್ಳೆಯ ಬೀಜವಿಲ್ಲ. ಕಾಕಾನ ಬಾಗಿಲಿಗೆ ನಾನು ಯಾವ ಮೋರೆ ಹೊತ್ತು ಹೋಗಲಿ?

ಬಿತ್ತುವ ಹಿಂದಿನ ದಿನ ಅವರೇ ಬಂದರು. ತಲೆಯ ಮೇಲೆ ಪಟಕಾ ಇರಲಿಲ್ಲ. ತೊಳೆದು, ಸಗಣಿ ಸಾರಿಸಿ ಒಣಗಿಸಿದ ನಮ್ಮ ಬುಟ್ಟಿಯೊಳಗೆ ಅದನ್ನು ಹಾಸಿದ್ದರು. ಅದರ ಮೇಲೆ ಗಂಧಕ ಕಲಸಿದ ಬೀಜದ ಜೋಳ, ಅಂಚಿನತನಕ.

"ಭಾಳ ದಿನ ಆತವಾ," ಎಂದರು. "ಬರೇ ಬುಟ್ಟಿ ಹೆಂಗ ಕೊಡ್ಲಿ?"

ಗಂಧಕದ ನಾತ ಮನೆಯ ತುಂಬ ಹರಡಿತು. ನಾನು ಮೂಗಿಗೆ ಸೆರಗು ಹಿಡಿಯಲಿಲ್ಲ, ಕಣ್ಣಿಗೆ ಹಿಡಿದೆ.