ಇಂಟರ್‌ವಲ್‌ನಲ್ಲೇ ಮುಗಿದ ಸಿನಿಮಾ

ಚಿತ್ರಮಂದಿರದ ಆಪರೇಟರನಿಗೆ ಒಂದು ಅಭ್ಯಾಸವಿತ್ತು. ಹೊಸ ಚಿತ್ರದ ಎರಡು ಡಿಸ್ಕುಗಳು ಬಂದ ಕೂಡಲೇ ಒಂದನೆಯದನ್ನು ಮೇಜಿನ ಎಡಕ್ಕೆ, ಎರಡನೆಯದನ್ನು ಬಲಕ್ಕೆ ಇಟ್ಟುಬಿಡುತ್ತಿದ್ದ. ಆಮೇಲೆ ಅವುಗಳ ಮೇಲೆ ಅಂಟಿಸಿದ ಚೀಟಿ ನೋಡುವ ಗೋಜಿಗೇ ಹೋಗುತ್ತಿರಲಿಲ್ಲ. ಹದಿನೆಂಟು ವರ್ಷ ಹೀಗೇ ಸಾಗಿತ್ತು. ಆ ಶುಕ್ರವಾರ ಮಾತ್ರ ಕಸ ಗುಡಿಸುವ ಅಜ್ಜಿ ಎಂದೂ ಇಲ್ಲದ ಹುಮ್ಮಸ್ಸಿನಲ್ಲಿ ಮೇಜು ಒರೆಸಿ, ಡಿಸ್ಕುಗಳನ್ನು ಅದಲುಬದಲು ಮಾಡಿಟ್ಟು ಹೋದಳು.

ಚಿತ್ರವೇನೋ ಭಾರೀ ಹೆಸರಿನದು. ಲೋಕವೆಲ್ಲ ಸುಟ್ಟು ಬೂದಿಯಾದ ಮೇಲೆ ಉಳಿದ ನಾಲ್ಕು ಜನ ಒಂದು ಕ್ಯಾನ್ ನೀರಿಗಾಗಿ ಲಾರಿಯಿಂದ ಲಾರಿಗೆ ಹಾರಿ ಹೊಡೆದಾಡುವ ಕತೆಯ ಮುಂದುವರಿದ ಭಾಗ. ಬೆಳಗಿನ ಆಟಕ್ಕೇ ಹೌಸ್‌ಫುಲ್. ಒಂದು ಗಂಟೆಯೊಳಗೆ ನಾಯಕ ಸತ್ತ. ಇಂಟರ್‌ವಲ್ ಹೊತ್ತಿಗೆ ಪರದೆಯ ಮೇಲೆ ದೊಡ್ಡದಾಗಿ ‘ಮುಗಿಯಿತು’ ಎಂದು ಬಂತು.

ಆಪರೇಟರ್ ಗುಟುಕರಿಸಿದ ಚಹಾ ನೆತ್ತಿಗೇರಿತು. ಡಿಸ್ಕ್ ಹೊರಗೆಳೆದು ನೋಡಿದರೆ ಚೀಟಿಯಲ್ಲಿ ‘ಎರಡು’! ಹೋದ ತಿಂಗಳಷ್ಟೇ ಇಪ್ಪತ್ತು ನಿಮಿಷ ಸದ್ದಿಲ್ಲದ ಸಿನಿಮಾ ತೋರಿಸಿ, “ಇನ್ನೊಂದು ಸಲ ಎಡವಟ್ಟು ಮಾಡಿದ್ರೆ ಕೆಲಸದಿಂದ ಕಿತ್ತು ಹಾಕ್ತೀನಿ” ಎಂದು ಮ್ಯಾನೇಜರರಿಂದ ಉಗಿಸಿಕೊಂಡಿದ್ದ. ಪಾಪ, ಆ ಪ್ರೊಜೆಕ್ಟರ್ ಕೋಣೆ ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ. ಬಿಸಿಲಿನಲ್ಲಿ ಹತ್ತು ನಿಮಿಷ ನಿಂತರೂ ಕಣ್ಣು ಕತ್ತಲೆ ಬರುತ್ತಿತ್ತು. ವಿಧಿಯಿಲ್ಲದೆ ಇಂಟರ್‌ವಲ್ ಆದ ಮೇಲೆ ‘ಒಂದು’ ಎಂಬ ಡಿಸ್ಕನ್ನು ಹಾಕಿದ. ಆಗ ಚಿತ್ರದ ಹೆಸರು ಬಂತು. ಹಿಂದೆಯೇ ನಾಯಕನೂ ಬಂದ.

ಟಿಕೆಟ್ ಕೌಂಟರಿನ ಅಕ್ಕ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಳು. “ಏನೋ ಇದು, ಸತ್ತೋನು ಎದ್ದು ಬಂದ?”

“ಹಿಂದಿನ ಭಾಗದಲ್ಲೂ ಸತ್ತಿದ್ನಲ್ಲಕ್ಕ, ಬರ್ಲಿಲ್ವಾ?”

ಅಕ್ಕನಿಗೆ ಅದೂ ನಿಜವೆನ್ನಿಸಿತು. ಆದರೆ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇ ತಡ, ಆಪರೇಟರ್ ಎಲ್ಲವನ್ನೂ ಬಾಯಿಬಿಟ್ಟ.

ಆಟ ಬಿಟ್ಟಾಗ ಇಬ್ಬರೂ ಗೇಟಿನ ಬಳಿ ಕಿವಿ ನೆಟ್ಟಗೆ ಮಾಡಿಕೊಂಡು ನಿಂತರು. “ತಲೆಬುಡ ಗೊತ್ತಾಗ್ಲಿಲ್ಲ ಮಾರಾಯ” ಎಂದ ಒಬ್ಬ. “ಅದೆಲ್ಲ ನಿನ್ನಂಥೋರಿಗಲ್ಲ ಬಿಡು” ಎಂದ ಅವನ ಗೆಳೆಯ. ಅವನ ಮುಖ ನೋಡಿದರೆ ಅವನಿಗೂ ಗೊತ್ತಾದಂತಿರಲಿಲ್ಲ. ಅಷ್ಟರಲ್ಲಿ ಗೇಟ್‌ಕೀಪರ್ ಮೊಬೈಲ್ ಹಿಡಿದು ಓಡಿಬಂದ. ಬೆಳಗಿನ ಆಟ ನೋಡಿದ ಪತ್ರಿಕೆಯ ವಿಮರ್ಶಕ ಆಗಲೇ ಬರೆದಾಗಿತ್ತು.

“‘ಕಾಲದ ಬೆನ್ನುಮೂಳೆ ಮುರಿದ ಚಿತ್ರ’ ಅಂತೆ. ಇದು ಹೊಗಳಿದ್ದಾ, ಬೈದಿದ್ದಾ?”

“ಸ್ಟಾರ್ ಎಷ್ಟು?” ಎಂದಳು ಅಕ್ಕ.

“ನಾಲ್ಕೂವರೆ. ಬೇರೆ ಊರಲ್ಲಿ ನೋಡಿದೋರೆಲ್ಲ ಹಳಸಲು ಕತೆ ಅಂತ ಒಂದೂವರೆ ಕೊಟ್ಟಿದಾರೆ.”

ಆಪರೇಟರನ ತಲೆ ಗಿರ್ರೆಂದಿತು. ಸರಿಯಾಗಿ ತೋರಿಸಿದವರಿಗೆ ಒಂದೂವರೆ, ತಪ್ಪಾಗಿ ತೋರಿಸಿದವನಿಗೆ ನಾಲ್ಕೂವರೆ! ವಿಮರ್ಶೆ ಓದಿದವರು ಮಧ್ಯಾಹ್ನದ ಆಟಕ್ಕೆ ಮುಗಿಬಿದ್ದರು. ಬದಲಾಯಿಸಲು ಧೈರ್ಯ ಸಾಲದೆ ಅವನು ಹಾಗೇ ತಿರುಗಾಮುರುಗಾ ಓಡಿಸಿದ.

ಸಿನಿಮಾ ಎಂದರೆ ಆಕಳಿಸುವ ಮ್ಯಾನೇಜರಿಗೆ ಇದಾವುದೂ ತಿಳಿಯದು. ನಾಲ್ಕು ಗಂಟೆಗೆ ಅವರೇ ಕೋಣೆಗೆ ಬಂದರು.

“ಸಂಜೆ ಆಟಕ್ಕೆ ಚಿತ್ರದ ನಿರ್ದೇಶಕರೇ ಬರ್ತಿದಾರೆ. ನಿನ್ನನ್ನ ಖುದ್ದಾಗಿ ನೋಡ್ಬೇಕಂತೆ.”

“ನನ್ನನ್ನಾ? ಯಾಕೆ ಸಾರ್?”

“ದೊಡ್ಡೋರು, ನಾನು ಕೇಳ್ಲಿಲ್ಲ. ಏನಾದ್ರೂ ಹೆಚ್ಚುಕಮ್ಮಿ ಮಾಡಿದ್ಯೇನೋ?”

ಅವರು ಇಳಿದು ಹೋದದ್ದೇ ತಡ, ಆಪರೇಟರ್ ಅಕ್ಕನ ಬಳಿ ಓಡಿದ.

“ಪೆದ್ದ, ಅವರು ನೋಡುವಾಗ ಸರಿಯಾಗಿ ಹಾಕು” ಎಂದಳು ಅಕ್ಕ. “ಬೆಳಿಗ್ಗೆ ನೋಡಿದೋರಿಗೆ ತಾವು ಏನು ನೋಡಿದ್ವಿ ಅಂತ್ಲೇ ಗೊತ್ತಿಲ್ಲ. ಸಾಕ್ಷಿ ಹೇಳೋರು ಯಾರು?”

ಆಪರೇಟರನಿಗೆ ಹೋದ ಜೀವ ಬಂದಂತಾಯಿತು. ಚೀಟಿಗಳನ್ನು ಮೂರು ಸಲ ಓದಿ, ಮೊದಲು ಒಂದು, ಆಮೇಲೆ ಎರಡು ಹಾಕಿದ. ಕಿಂಡಿಯಿಂದ ನೋಡಿದರೆ ನಿರ್ದೇಶಕರು ಹತ್ತೇ ನಿಮಿಷಕ್ಕೆ ಎದ್ದು ನಿಂತರು, ಮತ್ತೆ ಕೂತರು, ತಲೆಯ ಮೇಲೆ ಕೈಹೊತ್ತರು. ಸಂತೋಷ ತಡೆಯಲಾಗುತ್ತಿಲ್ಲವೇನೋ ಎಂದುಕೊಂಡ ಇವನು.

ಆಟ ಮುಗಿದೊಡನೆ ನಿರ್ದೇಶಕರು ಮ್ಯಾನೇಜರರೊಂದಿಗೆ ಕೋಣೆಗೆ ನುಗ್ಗಿದರು. ಅವರ ಕಣ್ಣು ಕೆಂಪಾಗಿತ್ತು.

“ಒಂದಾದ ಮೇಲೆ ಎರಡು ಸಾರ್” ಎಂದ ಆಪರೇಟರ್ ಎದೆಯುಬ್ಬಿಸಿ. “ಕೂದಲೆಳೆಯಷ್ಟೂ ತಪ್ಪಿಲ್ಲ.”

ನಿರ್ದೇಶಕರು ಸ್ಟೂಲಿನ ಮೇಲೆ ಕುಸಿದರು. “ಅಯ್ಯೋ, ಅದೇ ತಪ್ಪು! ನಮ್ಮ ಪ್ಯಾಕಿಂಗ್‌ನೋರು ಒಂದರ ಚೀಟಿ ಎರಡಕ್ಕೆ, ಎರಡರದ್ದು ಒಂದಕ್ಕೆ ಅಂಟಿಸಿಬಿಟ್ಟಿದ್ರು. ಇಂಟರ್‌ವಲ್‌ನಲ್ಲಿ ಕತೆ ಮುಗೀಬೇಕು, ಆಮೇಲೆ ಶುರುವಾಗ್ಬೇಕು. ಮೂರು ವರ್ಷ ಒದ್ದಾಡಿ ಹಾಗೆ ಮಾಡಿದ್ದು! ಎಲ್ಲಾ ಊರಲ್ಲೂ ಉಲ್ಟಾ ಓಡಿ ಜನ ಉಗಿದ್ರು. ಇಲ್ಲಿ ಮಾತ್ರ ಸರಿಯಾಗಿ ಓಡಿದೆ ಅಂತ ವಿಮರ್ಶೆ ಓದಿ ಗೊತ್ತಾಯ್ತು. ಚೀಟಿ ನಂಬದೆ ಸಿನಿಮಾನ ಅರ್ಥ ಮಾಡಿಕೊಂಡ ಆ ಪುಣ್ಯಾತ್ಮನನ್ನ ನನ್ನ ಜೊತೇಲೇ ಕೆಲಸಕ್ಕೆ ಕರ್ಕೊಂಡು ಹೋಗೋಣ ಅಂತ ಬಂದೆ. ಬೆಳಿಗ್ಗೆ ಓಡಿಸಿದ ಆತ ಎಲ್ಲಿ?”

“ನಾನೇ ಸಾರ್!” ಆಪರೇಟರ್ ಮುಂದಕ್ಕೆ ಹಾರಿದ. “ದೇವರಾಣೆಗೂ ನಾನೇ! ಬೆಳಿಗ್ಗೆ ತಪ್ಪಾಗಿ ಹಾಕಿಬಿಟ್ಟಿದ್ದೆ, ಅದಕ್ಕೇ ಈಗ ನಿಮಗೋಸ್ಕರ ಸರಿ ಮಾಡ್ದೆ…”

ನಿರ್ದೇಶಕರು ಎದ್ದು ಮೆಟ್ಟಿಲಿಳಿದು ಹೋದರು. ಮ್ಯಾನೇಜರ್ ಅವರು ಹೋದ ದಿಕ್ಕನ್ನೂ ಆಪರೇಟರನ ಮುಖವನ್ನೂ ಬಾರಿಬಾರಿಗೂ ನೋಡಿದರು.

“ನಾಳೆಯಿಂದ ಬರ್ಬೇಡ.”

“ಯಾವ ತಪ್ಪಿಗೆ ಸಾರ್? ಬೆಳಗಿನ ಆಟಕ್ಕಾ, ಸಂಜೆ ಆಟಕ್ಕಾ?”

ಮ್ಯಾನೇಜರ್ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು, ಮತ್ತೆ ಬಿಚ್ಚಿದರು. ಕೊನೆಗೆ, “ಎರಡಕ್ಕೂ” ಎಂದರು.